ಬಾಳ್ಯಾನ ಕೋಣೆ

ನಾಲ್ಕನೆಯ ಬೆಕ್ಕನ್ನು ಮನೆಗೆ ತಂದವನು ರಾಘಣ್ಣ. ನೀಲಿಮಾ ಈ ಸಂಗತಿಯನ್ನು ಮರೆಯಲೇ ಇಲ್ಲ.

ರಾಘಣ್ಣ ಅವಳ ಸೋದರಮಾವ. ಮೂವತ್ತು ವರ್ಷ ಮರಾಠಿ ನಾಡಿನ ದೌಂಡದಲ್ಲಿ ರೈಲ್ವೆ ಗಾರ್ಡ್ ಆಗಿದ್ದು ನಿವೃತ್ತನಾದ ಮೇಲೆ, ಅದೇ ಸೀಮೆಯ ನಿಗಡಿಯಲ್ಲಿ ಒಬ್ಬಳೇ ಇದ್ದ ಈ ಸೋದರಸೊಸೆಯ ಮನೆಗೆ ಬಂದಿದ್ದ. ಮದುವೆಯ ಗೋಜಿಗೆ ಹೋಗದ ನೀಲಿಮಾ ಶಿವಾಜಿನಗರದ ಕಾಲೇಜೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ಮನೆಯಲ್ಲಿ ಚಿಂಗಿ, ಗುಂಡಿ, ಮಸಿ ಎಂಬ ಮೂರು ಬೆಕ್ಕುಗಳು. ಬೂದು ಬಣ್ಣದ ಚಿಂಗಿಗೆ ಒಂಬತ್ತು ವರ್ಷ. ಅದು ಮಲಗುತ್ತಿದ್ದುದು ನೀಲಿಮಾಳ ದಿಂಬಿನ ಮೇಲೆಯೇ. ಹೋದ ವರ್ಷ ಹಳೆಯ ಗೆಳೆಯರನ್ನು ನೋಡಲು ದೌಂಡಕ್ಕೆ ಹೋದ ರಾಘಣ್ಣ, ಬರುವಾಗ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕ ಒಂದು ಬಿಳಿ ಬೆಕ್ಕನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದ. ಬಾಳ್ಯಾ ಎಂದು ಹೆಸರಿಟ್ಟ.

ಏಳು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಬಾಳ್ಯಾ ಊಟ ಬಿಟ್ಟ. ಜ್ವರ ಇಳಿಯಲೊಲ್ಲದು. ಚಿಂಚವಾಡದ ಡಾಕ್ಟರ್ ಪ್ರಾಚಿ ರಕ್ತ ಪರೀಕ್ಷೆ ಮಾಡಿ, ಇದು ಬೆಕ್ಕುಗಳಿಗೆ ಬರುವ ಲ್ಯುಕೇಮಿಯಾ ವೈರಸ್ ಎಂದರು. ಮನುಷ್ಯರಿಗೆ ಅಂಟುವುದಿಲ್ಲ, ಆದರೆ ಬೆಕ್ಕಿನಿಂದ ಬೆಕ್ಕಿಗೆ ಜೊಲ್ಲಿನ ಮೂಲಕ ಹೋಗುತ್ತದೆ. ಒಂದನ್ನೊಂದು ನೆಕ್ಕಿದರೆ, ಒಂದೇ ಬಟ್ಟಲಲ್ಲಿ ತಿಂದರೆ ಸಾಕು. ವಾಸಿ ಮಾಡುವ ಔಷಧಿ ಇಲ್ಲ, ಜೋಪಾನ ಮಾಡಿದರೆ ಕೆಲವು ಕಾಲ ಬದುಕುತ್ತದೆ. ಬಾಳ್ಯಾನನ್ನು ಬೇರೆ ಇಡಿ, ಆರು ವಾರ ಬಿಟ್ಟು ಉಳಿದ ಮೂರನ್ನೂ ಕರೆತನ್ನಿ ಎಂದರು.

ನೀಲಿಮಾ ಹಿಂದಿನ ಕೋಣೆ ಖಾಲಿ ಮಾಡಿಸಿ ಬಾಳ್ಯಾನನ್ನು ಅಲ್ಲಿಟ್ಟಳು. ಬೆಳಿಗ್ಗೆ, ಸಂಜೆ ತಾನೇ ಒಳಗೆ ಹೋಗುವುದು. ಬೇರೆ ಯಾರೂ ಬಾಗಿಲು ತೆಗೆಯಕೂಡದು.

ಎರಡನೆಯ ವಾರದಲ್ಲಿ ಅವಳಿಗೆ ಸಂಶಯ ಹತ್ತಿತು. ಬೆಳಿಗ್ಗೆ ಆ ಬಾಗಿಲ ಕೆಳಸಂದಿಗೆ ಉದ್ದುದ್ದ ಒತ್ತಿಟ್ಟ ಟವೆಲ್ ಸಂಜೆ ನಾಲ್ಕು ಮಡಿಕೆಯಾಗಿತ್ತು. ಬೆಳಿಗ್ಗೆ ನೀಲಿ ಅಂಗಿ ತೊಟ್ಟಿದ್ದ ಮಾವ ಸಂಜೆಗೆ ಬಿಳಿ ಅಂಗಿಯಲ್ಲಿದ್ದ. ಹಗ್ಗದ ಮೇಲೆ ಒಗೆದು ಹಾಕಿದ ಅವನ ಕರಿ ಪ್ಯಾಂಟಿನ ಮಡಿಕೆಯಲ್ಲಿ ಎರಡು ಬಿಳಿ ಕೂದಲು.

“ಮಾಮಾ, ಮಧ್ಯಾಹ್ನ ಬಾಗಲಾ ತಗದಿದ್ರೇನು?”

“ಇಲ್ಲವಾ. ನಾ ಯಾಕ ತಗೀಲಿ?” ಎಂದ ರಾಘಣ್ಣ, ಪೇಪರಿನಿಂದ ಕಣ್ಣೆತ್ತದೆ.

ಅಂದಿನಿಂದ ನೀಲಿಮಾ ಮನೆಗೆ ಬಂದೊಡನೆ ಚಪ್ಪಲಿ ಬಿಡುವ ಮೊದಲೇ ಮೂರೂ ಬೆಕ್ಕುಗಳ ಕುತ್ತಿಗೆ ಮುಟ್ಟಿ ನೋಡತೊಡಗಿದಳು: ಬಾಳ್ಯಾ ನೆಕ್ಕಿದ ಒದ್ದೆ ಇದೆಯೇ ಎಂದು. ಕೆಲಸಕ್ಕೆ ಬರುವ ಮಾಯಾಳನ್ನು ಕೇಳಿದಳು. ಅವಳು ಪಾತ್ರೆ ಉಜ್ಜುತ್ತಲೇ ಮರಾಠಿಯಲ್ಲಿ, “ನನಗೇನು ಗೊತ್ತು ತಾಯಿ? ನಾನಿರುವಾಗ ಅಜ್ಜ ಒಳಗೆ ಯಾರ ಜೊತೆಗೋ ಮಾತಾಡುತ್ತಿರುತ್ತಾರೆ” ಎಂದಳು.

ಆರನೆಯ ವಾರದ ಗುರುವಾರ ಸಂಜೆ ಬಾಲ್ಕನಿಯಲ್ಲಿ ಮಾವ ದೌಂಡದ ಹಳೆಯ ಗೆಳೆಯನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದುದು ಅವಳ ಕಿವಿಗೆ ಬಿತ್ತು. “ಹೌದ್ರಿ ಲಾಲಪ್ಪ, ಬುಟ್ಟಿ ತಂದೇನಿ. ಶನಿವಾರ ಮುಂಜಾನೆ ಹೊರಡ್ತೀನಿ. ಅಕಿಗೆ ಹೇಳಿಲ್ಲ.”

ನೀಲಿಮಾ ಬಾಲ್ಕನಿಯ ಬಾಗಿಲಿನಿಂದ ಹಿಂದೆ ಸರಿದಳು. ಬೆಕ್ಕನ್ನು ತಂದಲ್ಲೇ ಬಿಟ್ಟು ಬರುತ್ತಾನೆ! ತಪ್ಪು ಮುಚ್ಚಿಕೊಳ್ಳಲು ಸಾಯುವ ಪ್ರಾಣಿಯನ್ನು ಪ್ಲಾಟ್‌ಫಾರ್ಮಿಗೆ ಎಸೆಯುತ್ತಾನೆ.

ಮರುದಿನ ಅರ್ಧ ರಜೆ ಹಾಕಿ, ಮಧ್ಯಾಹ್ನದ ಲೋಕಲ್ ರೈಲು ಹಿಡಿದು, ಮನೆಗೆ ಹತ್ತಿರದ ಆಕುರ್ಡಿ ನಿಲ್ದಾಣದಲ್ಲಿ ಇಳಿದಳು. ಸದ್ದಾಗದಂತೆ ಕೀಲಿ ತಿರುಗಿಸಿ ಒಳಗೆ ಬಂದಳು. ಮೂರು ಬೆಕ್ಕುಗಳೂ ಅವಳ ಕೋಣೆಯಲ್ಲಿ, ಚಿಲಕ ಹಾಕಿದ ಬಾಗಿಲ ಹಿಂದೆ ಇದ್ದವು. ಹಿಂದಿನ ಕೋಣೆಯಿಂದ ಮಾವನ ದನಿ. ಬಾಗಿಲು ನೂಕಿದಳು.

ರಾಘಣ್ಣ ಹಳೆಯ ಲುಂಗಿಯಲ್ಲಿ ನೆಲಕ್ಕೆ ಕೂತಿದ್ದ. ತೊಡೆಯ ಮೇಲೆ ಬಾಳ್ಯಾ. ಬೇಯಿಸಿದ ಕೋಳಿಯ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಅದರ ಬಾಯಿಗಿಡುತ್ತಿದ್ದ. ಹುಟ್ಟಿದಾಗಿನಿಂದ ಮೊಟ್ಟೆ ಸಹ ಮುಟ್ಟದ ಮನುಷ್ಯ.

“ಮಾಮಾ! ಇಲ್ಲ ಅಂತ ಸುಳ್ಳ ಯಾಕ ಹೇಳಿದ್ರಿ?”

“ಹೇಳಿದ್ರ ಬಿಡ್ತಿದ್ದೇನು ನೀ? ಹಗಲೆಲ್ಲಾ ಒದರ್ತದವಾ ಇದು. ಆ ಮೂರನ್ನೂ ಒಳಗ ಹಾಕೇ ಬರ್ತೀನಿ. ಹೋಗುಮುಂದ ಕೈ ತೊಳೀತೀನಿ, ಅರಬಿ ಬದಲಿಸ್ತೀನಿ. ಇನ್ನೇನ್ ಮಾಡ್ಲಿ?”

“ನಾಳೆ ದೌಂಡಕ್ಕ ಒಯ್ದು ಬಿಡಾವ್ರಿದ್ರಲ್ಲ?”

ರಾಘಣ್ಣ ಕೈಯಲ್ಲಿದ್ದ ಎಳೆಯನ್ನು ಬಟ್ಟಲಿಗೆ ಹಾಕಿದ. “ಬಿಡಾಕಲ್ಲ. ಲಾಲಪ್ಪನ ಮನ್ಯಾಗ ಬ್ಯಾರೆ ಬೆಕ್ಕಿಲ್ಲ. ಇದರ ಜೋಡಿ ನಾನೂ ಅಲ್ಲೇ ಇರಾಂವ. ನೀ ನನ್ನ ನೋಡೋದು ನೋಡಿದ್ರ, ರೋಗ ಇದಕ್ಕಲ್ಲ, ನನಗ ಬಂದಾಂಗ ಆಗೇದ.”

ನೀಲಿಮಾಳಿಗೆ ನಂಬಬೇಕೋ ಬೇಡವೋ ಗೊತ್ತಾಗಲಿಲ್ಲ. “ನಾಳೆ ಹೋಗಬ್ಯಾಡ್ರಿ. ಮೊದಲ ಮೂರರದೂ ರಕ್ತ ತೋರಸೂಣು” ಎಂದಷ್ಟೇ ಅಂದಳು. ಆರು ವಾರ ತುಂಬಲು ಒಂದೇ ದಿನ ಬಾಕಿ ಇತ್ತು.

ಶನಿವಾರ ಮೂರು ಬುಟ್ಟಿಗಳನ್ನು ರಿಕ್ಷಾದಲ್ಲಿಟ್ಟುಕೊಂಡು ಇಬ್ಬರೂ ಚಿಂಚವಾಡಕ್ಕೆ ಹೋದರು. ಗುಂಡಿಗೆ ಏನೂ ಇಲ್ಲ. ಮಸಿಗೂ ಇಲ್ಲ. ಚಿಂಗಿಗೆ ಇತ್ತು.

ನೀಲಿಮಾ ಸರ್ರನೆ ತಿರುಗಿ ಮಾವನ ಮುಖ ನೋಡಿದಳು. ಡಾಕ್ಟರ್ ಪ್ರಾಚಿ ಆಗಲೇ ಚಿಂಗಿಯ ತುಟಿ ಎತ್ತಿ ಒಸಡು ನೋಡುತ್ತಿದ್ದರು. “ಈ ಹುಣ್ಣು ಎಷ್ಟು ದಿನದಿಂದ ಇದೆ?” ಎಂದು ಮರಾಠಿಯಲ್ಲಿ ಕೇಳಿದರು.

ಎರಡು ವರ್ಷದಿಂದ. ಬಾಳ್ಯಾ ಬರುವ ಎಷ್ಟೋ ಮೊದಲಿನಿಂದ. ಬಂದು ಹೋಗುತ್ತಿದ್ದ ಹುಣ್ಣಿಗೆ ನೀಲಿಮಾ ಅಂಗಡಿಯಿಂದ ಔಷಧಿ ತಂದು ಹಚ್ಚಿದ್ದಳು, ಅಷ್ಟೇ. ಒಂಬತ್ತು ವರ್ಷದ ಹಿಂದೆ ಕಾಲೇಜಿನ ಕ್ಯಾಂಟೀನ್ ಹಿಂದುಗಡೆಯಿಂದ ಎತ್ತಿ ತಂದ ಮರಿಗೆ ಅವಳು ಯಾವ ಪರೀಕ್ಷೆಯನ್ನೂ ಮಾಡಿಸಿರಲಿಲ್ಲ.

“ಯಾರಿಂದ ಯಾರಿಗೆ ಹೋಯಿತೋ ಈಗ ಹೇಳಲಾಗದು” ಎಂದರು ಡಾಕ್ಟರ್. “ಈ ಹುಣ್ಣು ಅದರ ಲಕ್ಷಣವೇ ಆಗಿರಬಹುದು; ಚಿಂಗಿಯಲ್ಲಿ ಮೊದಲಿನಿಂದಲೇ ಇದ್ದಿರಬಹುದು. ಬಾಳ್ಯಾನಿಗೆ ಇದರಿಂದಲೇ ಬಂದಿರಬಹುದು.”

ರಾಘಣ್ಣ ನಡುಗುತ್ತಿದ್ದ ಚಿಂಗಿಯನ್ನು ಬುಟ್ಟಿಗೆ ಹಾಕಿ, ಮೇಲೆ ತನ್ನ ಕರವಸ್ತ್ರ ಹೊದಿಸಿದ. ರಿಕ್ಷಾದಲ್ಲಿ ನೀಲಿಮಾ ಅತ್ತಳು. “ಮಾಮಾ, ನಂದು ತಪ್ಪಾತು. ದೌಂಡಕ್ಕ ಹೋಗಬ್ಯಾಡ್ರಿ.”

“ನೋಡೂಣ ತಗೋ” ಎಂದ ರಾಘಣ್ಣ, ರಸ್ತೆ ನೋಡುತ್ತ.

ಅವನು ಹೋಗಲಿಲ್ಲ. ಆದರೆ ಬಹಳ ದಿನ ಆ ಕೋಣೆಯ ಬಾಗಿಲು ತೆಗೆಯುವಾಗಲೆಲ್ಲ, “ನೀಲಾ, ತಗೀತೀನಿ ನೋಡವಾ” ಎಂದು ಕೂಗಿ ಹೇಳಿಯೇ ತೆಗೆಯುತ್ತಿದ್ದ. ದೀಪಾವಳಿಯ ಹೊತ್ತಿಗೆ ಕೂಗುವುದನ್ನು ಬಿಟ್ಟ.

ಚಿಂಗಿಯನ್ನು ಬಾಳ್ಯಾನ ಜೊತೆಗೇ ಇಟ್ಟರು. ಒಂದು ವಾರ ಗುರುಗುಟ್ಟಿದ ಚಿಂಗಿ ಆಮೇಲೆ ಅವನ ಕಿವಿ ನೆಕ್ಕತೊಡಗಿತು. ಇನ್ನು ತಡೆಯಲು ಕಾರಣವಿರಲಿಲ್ಲ. ಗುಂಡಿ, ಮಸಿಯ ರಕ್ತ ಎರಡನೆಯ ಸಲವೂ ಚೊಕ್ಕವಾಗಿ ಬಂತು. ಬಾಳ್ಯಾ ಹೋಳಿಯ ತನಕ ಬದುಕಿದ; ಹೋಗುವಾಗ ಮಾವ, ಸೊಸೆ ಇಬ್ಬರೂ ಪಕ್ಕದಲ್ಲಿದ್ದರು. ಚಿಂಗಿ ಇನ್ನೂ ಇದೆ. ಈಗ ಎರಡು ತಿಂಗಳಿಗೊಮ್ಮೆ ಅದನ್ನು ಚಿಂಚವಾಡಕ್ಕೆ ಒಯ್ದು ತರುವ ಕೆಲಸ ರಾಘಣ್ಣನದು. ಡಾಕ್ಟರ್ ಏನೆಂದರು ಎಂದು ನೀಲಿಮಾ ಫೋನ್ ಮಾಡಿ ಕೇಳುತ್ತಾಳೆ. ಅವನು ಹೇಳಿದ್ದನ್ನು ಮತ್ತೆ ಡಾಕ್ಟರಿಗೆ ಫೋನ್ ಮಾಡಿ ತಾಳೆ ನೋಡುವುದಿಲ್ಲ.