ಹೀಟರಿನ ಮೇಲಿನ ಮೊಳಕೆಕಾಳು

ಜರ್ಮನಿಯ ಚಳಿಯಲ್ಲಿ ಕಾಳು ಬೇಗ ಮೊಳಕೆ ಒಡೆಯುವುದಿಲ್ಲ. ಬೊಬ್ಲಿಂಗೆನ್ನಿನ ಕನ್ನಡದ ಮನೆಗಳಲ್ಲಿ ಇದು ಹಳೆಯ ಗೋಳು. ಬಸವೇಶ್ವರಿ ಮಾತ್ರ ಅದಕ್ಕೊಂದು ಉಪಾಯ ಕಂಡುಕೊಂಡಿದ್ದಳು. ನೆನೆಸಿದ ಮಡಕಿಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಕಿಟಕಿಯ ಕೆಳಗಿನ ಹೀಟರಿನ ಮೇಲಿಟ್ಟರೆ ಬೆಳಗಾಗುವುದರೊಳಗೆ ಮೊಳಕೆ ಇಣುಕುತ್ತಿತ್ತು. ಗಂಡ ರವಿಶಂಕರ ಕಾರಿನ ಕಂಪನಿಯ ಎಂಜಿನಿಯರು. "ನಿನ್ನ ಮುಂದ ನಮ್ಮ ಎಂಜಿನಿಯರಿಂಗ್ ಏನೂ ಅಲ್ಲ ಬಿಡು" ಎಂದು ನಗುತ್ತಿದ್ದ.

ಆ ಕಾಳು ಮಾವ ಬಾಳಪ್ಪನವರಿಗೆ. ಎಪ್ಪತ್ತು ದಾಟಿದ ಜೀವ. ಜೋಳದ ರೊಟ್ಟಿಯ ಪಕ್ಕದಲ್ಲಿ ಹಸಿ ಕಾಳು, ಹಸಿ ಮೆಂತ್ಯೆಸೊಪ್ಪು ಇಲ್ಲದಿದ್ದರೆ ಅವರಿಗೆ ಊಟ ಊಟವೇ ಅಲ್ಲ. ಸಂಧಿವಾತಕ್ಕೆ ನುಂಗುತ್ತಿದ್ದ ಗುಳಿಗೆ ನೋವಿನ ಜೊತೆಗೆ ರೋಗ ತಡೆಯುವ ಶಕ್ತಿಯನ್ನೂ ತಗ್ಗಿಸಿತ್ತು. ಹೋದ ತಿಂಗಳು ವಾಂತಿಭೇದಿ ಹತ್ತಿ, ಆಸ್ಪತ್ರೆ ಸೇರಿ, ಅರ್ಧ ಆಳಾಗಿ ಮನೆಗೆ ಬಂದಿದ್ದರು. ಇನ್ನೊಮ್ಮೆ ಹಾಗಾದರೆ ದೇಹ ತಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದು ಬಸವೇಶ್ವರಿಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಮಾವನಿಗೆ ಶಕ್ತಿ ಬರಲಿ ಎಂದು ಅವಳು ಕಾಳನ್ನು ಇನ್ನೊಂದು ಹಿಡಿ ಹೆಚ್ಚೇ ಬಡಿಸತೊಡಗಿದಳು. ಪಾಪ, ಪ್ರೀತಿಗೆ ಅಳತೆ ಎಲ್ಲಿಯದು!

ಒಂದು ಶನಿವಾರ ಗೆಳತಿ ಶ್ರೀಲಕ್ಷ್ಮಿ ಬಾಳಪ್ಪನವರನ್ನು ನೋಡಲು ಬಂದಳು. ಮೈಸೂರಿನವಳು, ಇಲ್ಲಿನ ವೃದ್ಧಾಶ್ರಮವೊಂದರಲ್ಲಿ ನರ್ಸ್. ಬಸವೇಶ್ವರಿ ಮಾವನ ತಟ್ಟೆಗೆ ಹಸಿ ಕಾಳು ಹಾಕುವುದು ಅವಳ ಕಣ್ಣಿಗೆ ಬಿತ್ತು.

"ಇದನ್ನ ಬೇಯಿಸಲ್ವೇನೇ?"

"ಕುದಿಸಿದ್ರ ಸತ್ವ ಎಲ್ಲಾ ಹೋಗ್ತದ. ಚೊಲೋತಂಗ ತೊಳದೀನಿ ಬಿಡು."

"ಮೊಳಕೆಕಾಳನ್ನ ಎಷ್ಟು ತೊಳೆದ್ರೂ ಸಾಲದು ಕಣೇ. ಕ್ರಿಮಿ ಕಾಳಿನ ಸಂದಿಯೊಳಗೇ ಇರಬಹುದು. ಅದರ ಮೇಲೆ ಒದ್ದೆ ಬಟ್ಟೆ, ಹೀಟರಿನ ಬಿಸಿ ಬೇರೆ. ಮೊಳಕೆಗೆ ಯಾವುದು ಹಿತವೋ ಕ್ರಿಮಿಗೂ ಅದೇ ಹಿತ."

"ನಾವು ಮಾಂಸ ಮುಟ್ಟೋರಲ್ಲ. ನಮ್ಮ ಅಡಗಿಮನ್ಯಾಗ ಕ್ರಿಮಿ ಎಲ್ಲಿಂದ ಬರ್ತಾವ?"

"ಹೊಲದ ಗೊಬ್ಬರದಿಂದ, ನೀರಿಂದ, ಮುಟ್ಟಿದೋರ ಕೈಯಿಂದ. ನಮ್ಮ ಮಡಿ ಅದಕ್ಕೇನು ಗೊತ್ತು?"

ಬಸವೇಶ್ವರಿ ಸುಲಭಕ್ಕೆ ಸೋಲುವವಳಲ್ಲ. "ಸೊಪ್ಪರ ಬಿಯೋ, ಸಾವಯವ ಐತಿ. ಔಷಧ ಹೊಡದಿಲ್ಲ. ಅದಕ್ಕ ಬರೇ ಝಾಡಿಸಿ ಹಾಕ್ತೀನಿ."

"ಔಷಧ ಹೊಡೆದಿಲ್ಲ, ಸರಿ. ಮಣ್ಣು ಮೆತ್ತಿರಲ್ವಾ? ಬಿಯೋ ಆದ್ರೂ ನಲ್ಲಿ ಬಿಟ್ಟು ಒಂದೊಂದೇ ಎಲೆ ತೊಳೀಬೇಕು. ಅಜ್ಜನಿಗಂತೂ ಸೊಪ್ಪನ್ನೂ ಬೇಯಿಸಿ ಕೊಡೋದೇ ಕ್ಷೇಮ."

ರೊಟ್ಟಿ ಮುರಿಯುತ್ತಿದ್ದ ಬಾಳಪ್ಪ ತಲೆಯೆತ್ತಿದರು. "ಏ ತಂಗಿ, ಹೊಲದಾಗ ಕಿತ್ತು ಹಂಗ ಬಾಯಿಗೆ ಹಾಕ್ಕೊಂಡು ಬೆಳದಾಂವ ನಾ. ಏನೂ ಆಗಿಲ್ಲ."

"ಆಗ ನಿಮ್ಮ ಹೊಟ್ಟೆ ಕಲ್ಲನ್ನೂ ಕರಗಿಸ್ತಿತ್ತು ಅಜ್ಜಾ. ಈಗ ಆ ಗುಳಿಗೆ ತಗೋತಿದೀರಲ್ಲ."

ಬಾಳಪ್ಪ ಮುರಿದ ರೊಟ್ಟಿಯನ್ನು ತಟ್ಟೆಗಿಟ್ಟರು. ಬಸವೇಶ್ವರಿಯ ಮುಖ ಬಾಡಿತು. "ಹಂಗಾರ ಹೋದ ತಿಂಗಳ ಆಗಿದ್ದೂ ನಾ ಹಾಕಿದ ಕಾಳಿಂದನಽ?" ಎನ್ನುವಷ್ಟರಲ್ಲಿ ಅವಳ ದನಿ ಒಡೆಯಿತು.

"ಅದನ್ನ ಈಗ ಯಾರೂ ಹೇಳಕ್ಕಾಗಲ್ಲ. ಮುಂದೆ ಆಗದ ಹಾಗೆ ನೋಡ್ಕೊಳ್ಳೋದು ಮಾತ್ರ ನಮ್ಮ ಕೈಲಿದೆ" ಎಂದಳು ಶ್ರೀಲಕ್ಷ್ಮಿ.

ಬಾಳಪ್ಪ ತಟ್ಟೆಯನ್ನು ಸೊಸೆಯತ್ತ ಸರಿಸಿದರು. "ಅಳಬ್ಯಾಡವಾ. ಆಸ್ಪತ್ರ್ಯಾಗ ನನ್ನ ಮಗ್ಗಲ ಬಿಟ್ಟು ಏಳದಾಕಿ ನೀ. ಹೋಗು, ಒಗ್ಗರಣಿ ಹಾಕಿ ಚೊಲೋತಂಗ ಕುದಿಸ್ಕೊಂಡು ಬಾ. ರೊಟ್ಟಿ ಆರಿದ್ರ ಆರಲಿ, ಕಾಯ್ತೀನಿ."

ಅವಳು ಕಣ್ಣೊರೆಸಿಕೊಂಡು, ಸೋಪು ಹಚ್ಚಿ ಕೈ ತೊಳೆದು, ಒಲೆ ಹಚ್ಚಿದಳು. ಅಂದು ಮಾವ ಕುದಿಸಿದ ಕಾಳಿನ ಉಸಳಿಯನ್ನು ಎರಡನೆಯ ಸಲ ಹಾಕಿಸಿಕೊಂಡರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಹಿರಿಯ ಜೀವ ಇದ್ದೀತು. ಅವರಿಗೆ ಮೊಳಕೆಕಾಳನ್ನು ಪೂರ್ತಿ ಬೇಯಿಸಿಯೇ ಕೊಡಿ. ಹಣ್ಣು ತರಕಾರಿಗಳನ್ನು ಹರಿಯುವ ನೀರಿನಲ್ಲಿ ತೊಳೆಯಿರಿ, ಸೋಪು ಬೇಡ. ಸಿಪ್ಪೆ ಸುಲಿಯುವ ಹಣ್ಣನ್ನೂ ತೊಳೆದೇ ಸುಲಿಯಿರಿ, ಚಾಕು ಹೊರಗಿನ ಕೊಳೆಯನ್ನು ಒಳಗೆ ಒಯ್ಯುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಥಂಡಿಯಾದೀತೆಂದು ಹೆಚ್ಚಿದ ಹಣ್ಣನ್ನು ಮೇಜಿನ ಮೇಲೆ ಬಿಡಬೇಡಿ; ಬೇಕಾದಷ್ಟೇ ಹೆಚ್ಚಿ, ಉಳಿದದ್ದು ಫ್ರಿಜ್ಜಿಗೆ ಹೋಗಲಿ. ನಾವು ಬಡಿಸಿದ್ದನ್ನು ಹಿರಿಯರು ಏನೂ ಕೇಳದೆ ತಿನ್ನುತ್ತಾರೆ. ಬಡಿಸುವ ಮುಂಚೆ ಕೇಳಿಕೊಳ್ಳಬೇಕಾದವರು ನಾವು.