ಬೀಳೋದಕ್ಕೂ ಒಂದು ಕ್ಲಾಸು

ಮೂಳೆ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದ ಅಜ್ಜಿಗೆ, ಯಾರು ಕುಣಿದಾಡಿದರೂ ಕಣ್ಮುಂದೆ ಬರುತ್ತಿದ್ದುದು ಪ್ಲಾಸ್ಟರೇ. ಅಂಥವಳ ಮೊಮ್ಮಗಳನ್ನು ಸೊಸೆ ಜಿಮ್ನಾಸ್ಟಿಕ್ಸ್‌ಗೆ ಸೇರಿಸಿಬಿಟ್ಟಳು. ನಾಲ್ಕು ವರ್ಷದ ಆ ಮಗುವಿಗೆ ಮನೆಯಲ್ಲಿ ‘ಧೊಪ್ಪಕ್ಕ’ ಎಂದೇ ಹೆಸರು. ಸಪಾಟು ನೆಲದಲ್ಲೂ ಎಡವಿ ಬೀಳುವುದು ಅವಳಿಗೆ ನೀರು ಕುಡಿದಷ್ಟು ಸಲೀಸು.

“ಮೊದಲೇ ಕೋತಿ, ಮೇಲೆ ಹೆಂಡ ಬೇರೆ ಕುಡಿಸ್ತೀಯೇನೇ?”

“ಅದಕ್ಕೇ ಅತ್ತೆ, ಸ್ವಲ್ಪ ಬ್ಯಾಲೆನ್ಸ್ ಬರ್ಲಿ ಅಂತ,” ಎಂದಳು ಸೊಸೆ.

ಕರೆದೊಯ್ಯುವ ಕೆಲಸ ಅಜ್ಜಿಯ ತಲೆಗೇ ಬಂತು. ಕೈಚೀಲದಲ್ಲಿ ಬ್ಯಾಂಡೇಜು, ಮುಲಾಮು, ಮೂಳೆ ಮುರಿದರೆ ಕಟ್ಟಲು ಎರಡು ಮರದ ಪಟ್ಟಿ ತುಂಬಿಕೊಂಡು ಯುದ್ಧಕ್ಕೆ ಹೊರಟವಳಂತೆ ಹೊರಟಳು. ಕಾಲುಚೀಲದ ವಾಸನೆ ಹೊಡೆಯುವ ಜಿಮ್ನಾಸ್ಟಿಕ್ಸ್ ಹಾಲ್‌ನಲ್ಲಿ ಕೋಚಮ್ಮ ಹೇಳಿದಳು, “ಮೊದಲ ತಿಂಗಳು ಬೀಳೋದು ಮಾತ್ರ ಕಲಿಸ್ತೀನಿ.”

“ಅದನ್ನ ನಮ್ಮ ಧೊಪ್ಪಕ್ಕ ನಿಮಗೇ ಹೇಳಿಕೊಡ್ತಾಳೆ ಬಿಡಮ್ಮ!”

ಆರು ವಾರ ಕಳೆಯಿತು. ಒಂದು ದಿನ ಧೊಪ್ಪಕ್ಕ ಮೊಣಕಾಲೆತ್ತರದ ಮರದ ದಿಮ್ಮಿಯ ಮೇಲೆ ಕೈ ಚಾಚಿ ನಡೆಯುತ್ತಿದ್ದವಳು ನಡುವೆ ನಿಂತು ಕೂಗಿದಳು. “ಅಜ್ಜೀ!”

“ಬಿಡಿ, ಅವಳೇ ನಿಭಾಯಿಸ್ತಾಳೆ,” ಎಂದು ಕೋಚಮ್ಮ ಹೇಳುವಷ್ಟರಲ್ಲಿ ಅಜ್ಜಿ ಓಡಿಯಾಗಿತ್ತು. ದಪ್ಪ ಮ್ಯಾಟಿನಲ್ಲಿ ಕಾಲು ಹೂತು, ಬೆಂಚಿನ ತುಂಬ ಕೂತಿದ್ದ ತಾಯಂದಿರ ಎದುರೇ ಚೀಲದ ಸಮೇತ ಮಗುಚಿಬಿದ್ದಳು.

ಮೊಮ್ಮಗಳು ಮಂಡಿ ಮಡಚಿ ದಿಮ್ಮಿಯಿಂದ ಹಗುರಾಗಿ ಹಾರಿದಳು. ಒಂದಿಷ್ಟೂ ತೂಗಾಡಲಿಲ್ಲ. ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಗದರಿದಳು.

“ಹಂಗಲ್ಲ ಅಜ್ಜಿ. ಗದ್ದ ಎದೆಗೆ ಒತ್ಕೊಂಡು ಉರುಳ್ಬೇಕು. ಕೈ ಊರಿದ್ರೆ ಮುರ್ದೋಗತ್ತೆ.”

ಅಜ್ಜಿ ಬಿದ್ದಲ್ಲೇ ತನ್ನ ಮಣಿಕಟ್ಟು ಸವರಿಕೊಂಡಳು. ಅವಳು ಕಂಡ ಮುರಿದ ಮಣಿಕಟ್ಟುಗಳಲ್ಲಿ ಮುಕ್ಕಾಲು ಪಾಲು, ಬೀಳುವಾಗ ಕೈ ಊರಿದವರವೇ. ಪ್ಲಾಸ್ಟರ್ ಹಾಕಿ ಕಳಿಸಿದ್ದೇ ಬಂತು. ಬೀಳುವುದು ಹೇಗೆಂದು ಯಾರಿಗಾದರೂ ಹೇಳಿಕೊಟ್ಟಿದ್ದಳೇ?

ಮಗು ಮತ್ತೆ ದಿಮ್ಮಿ ಹತ್ತಿತು. ಈ ಸಲ ಯಾರನ್ನೂ ಕರೆಯದೆ ತುದಿ ಮುಟ್ಟಿತು. ಬಿದ್ದಲ್ಲಿಂದಲೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅಜ್ಜಿ.

“ಏಳ್ತೀರಾ, ಅಮ್ಮ?” ಕೋಚಮ್ಮ ಕೈ ಚಾಚಿದಳು.

“ಇರಮ್ಮ, ಹೆಂಗೂ ಮಾನ ಹೋಗಿದೆ. ಆ ಉರುಳೋದೊಂದು ತೋರಿಸಿಬಿಡು.”

ಅಕ್ಕಿಮೂಟೆ ಹೊರಳಿದಂತೆ ಅಜ್ಜಿ ಹೊರಳಿದಳು. ಮಕ್ಕಳೆಲ್ಲ ಕೇಕೆ ಹಾಕಿ “ಇನ್ನೊಂದ್ಸಲ!” ಎಂದರು. ಇನ್ನೊಂದು ಸಲವೂ ಆಯಿತು.

“ಕ್ಲಾಸ್ ಹೆಂಗಿತ್ತು ಅತ್ತೆ?” ಎಂದಳು ಸಂಜೆ ಸೊಸೆ.

“ಪರವಾಗಿಲ್ಲ,” ಎಂದು ಅಜ್ಜಿ ಮುಖ ಆಚೆ ತಿರುಗಿಸಿದಳು. ತುರುಬಿಗೆ ಅಂಟಿದ್ದ ಮ್ಯಾಟಿನ ಸ್ಪಂಜಿನ ಚೂರನ್ನು ಸೊಸೆ ಸದ್ದಿಲ್ಲದೆ ತೆಗೆದು ಕಿಟಕಿಯಾಚೆ ಎಸೆದಳು.