ಪಾಲಕರ ಹೆಸರು

“ಒಳಗೆ ಬರ್ದೇ ಅಂಗಳದಲ್ಲೇ ನಿಂತಾನಲ್ಲ, ಎಂತ ಆಯ್ತಪ್ಪಾ ಇವಂಗೆ?”

ಮಾದೇವಿ ಯಾರನ್ನೂ ಕೇಳಿದ್ದಲ್ಲ. ಮೀನಿನ ಬುಟ್ಟಿ ತೊಳೆಯುತ್ತ ತನ್ನಷ್ಟಕ್ಕೆ ಅಂದುಕೊಂಡಳು. ತಮ್ಮ ತುಳಸಿದಾಸ ಕಾರವಾರದಿಂದ ಅಂಕೋಲೆಗೆ ಬೈಕಿನಲ್ಲಿ ಬಂದಿದ್ದ. ಬಂದವನೇ ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ಎತ್ತಿ ನೋಡುವವನು, ಇಂದು ತುಳಸಿಕಟ್ಟೆಯ ಪಕ್ಕ ಹೆಲ್ಮೆಟ್ ಹಿಡಿದೇ ನಿಂತಿದ್ದ.

“ಬಂಗಡೆ ಸಾರು ಉಂಟು, ಬಾರೋ.”

“ಊಟ ಬೇಡ ಅಕ್ಕಾ. ಒಂದು ಕಾಗದ ಉಂಟು.”

ಅವನು ನೌಕಾನೆಲೆಯಲ್ಲಿ ಮೆಸ್ಸಿಗೆ ಸಾಮಾನು ತರಿಸುವ ಪೆಟಿ ಆಫೀಸರ್. ಮೂರು ವರ್ಷದಿಂದ ಆ ಮೆಸ್ಸಿಗೆ ಮೀನು ಕೊಡುವವಳು ಮಾದೇವಿ. ಗೇಟಿನಲ್ಲಿ ಬುಟ್ಟಿ ಇಳಿಸಿದರೆ ಕಿವಿರು ಎತ್ತಿ ನೋಡಿ, ತಾಜಾ ಹೌದೋ ಅಲ್ಲವೋ ಹೇಳುವವನು ಇವನೇ. ಮೊದಲು ಕೊಡುತ್ತಿದ್ದ ದುರ್ಗಿಯ ಬುಟ್ಟಿ ಒಂದೇ ವಾರದಲ್ಲಿ ಮೂರು ಸಲ ವಾಪಸಾಗಿತ್ತು. ಮಾದೇವಿ ಹೊತ್ತದ್ದೂ ಅದೇ ದೋಣಿಯ, ಅದೇ ಬೆಳಗಿನ ಮೀನು. ಗೊತ್ತಿದ್ದೂ ಸೆರಗಿನಿಂದ ಮುಖ ಒರೆಸಿಕೊಂಡು ಸುಮ್ಮನಾಗಿದ್ದಳು. ಈಗ ದುರ್ಗಿ ಬಾಳೆಗುಳಿ ಕ್ರಾಸಿನ ಬಿಸಿಲಲ್ಲಿ ಕೊಡೆ ಹಿಡಿದು ಕೂರುತ್ತಾಳೆ.

“ಹೊಸ ಕಾನೂನು ಬಂತು, ಸ್ವಂತದವ್ರಿಗೆ ಗುತ್ತಿಗೆ ಕೊಡ್ಬಾರ್ದು ಹೇಳಿ. ಬೇರೆ ನೌಕರರಿಗೆ ಇದ್ದ ಹಾಗೇ ಇನ್ನು ನಮ್ಗೂ. ಸಂಬಂಧಿಕರು ಯಾರಾದ್ರೂ ಇಲ್ಲಿಗೆ ಸಾಮಾನು ಕೊಡ್ತಾರಾ ಕೇಳಿದ್ರು. ನಾ ಇಲ್ಲ ಹೇಳಿ ಬರ್ದೆ.”

“ಇಲ್ಲ ಹೇಳಿ?”

“ಈಗ ನಿನ್ನ ಹಳೇ ಅರ್ಜಿ ತೆಗ್ದಾರೆ. ಪಾಲಕರ ಹೆಸರಲ್ಲಿ ನಂದೇ ಉಂಟು.”

ಆ ಅರ್ಜಿ ಅವನೇ ತುಂಬಿದ್ದು, ಇದೇ ಕಟ್ಟೆಯ ಮೇಲೆ ಕೂತು. “ಭಾವ ಹೋದ್ಮೇಲೆ ನಿಂಗೆ ನಾನೇ ಅಲ್ವಾ?” ಎಂದು ಗಂಡ ಅಥವಾ ಪಾಲಕರ ಹೆಸರಿನ ಜಾಗದಲ್ಲಿ ತನ್ನದನ್ನು ಬರೆದಿದ್ದ. ಅಂದು ಅವಳ ಕಣ್ಣು ತುಂಬಿತ್ತು. ಅರ್ಜಿಗೆ ಹೆಬ್ಬೆಟ್ಟು ಒತ್ತುವುದು ನಾಚಿಕೆಗೇಡು ಎಂದು, ದಂಡೆಯ ಮರಳಿನಲ್ಲಿ ಕಡ್ಡಿ ಹಿಡಿಸಿ ಎಂಟು ಸಂಜೆ ಅವಳಿಗೆ ಸಹಿ ಕಲಿಸಿದ್ದ.

ತುಳಸಿದಾಸ ಅವಳ ಹೆಸರಿನಲ್ಲಿ ಬರೆದು ತಂದ ಕಾಗದ ಬಿಡಿಸಿ ತಲೆ ಎತ್ತದೆ ಓದಿದ: “ಸದರಿ ತುಳಸಿದಾಸ ಇವರು ನನಗೆ ಸಂಬಂಧಿಕರಲ್ಲ. ಅವರಿಗೆ ತಿಳಿಯದ ಹಾಗೆ, ಗುತ್ತಿಗೆಯ ಆಸೆಗೆ ಅವರ ಹೆಸರನ್ನು ನಾನೇ ಸುಳ್ಳಾಗಿ ಬರೆಸಿರುತ್ತೇನೆ.”

ಕಾಗೆಯೊಂದು ಬುಟ್ಟಿಯ ಅಂಚಿಗೆ ಬಂದು ಕೂತಿತು. ಮಾದೇವಿ ಅದನ್ನು ಓಡಿಸಲಿಲ್ಲ.

“ಗುತ್ತಿಗೆ ಹೋಗ್ತದೆ, ಅಷ್ಟೇ. ನಂಗೆ ಪಿಂಚಣಿಗೆ ಇನ್ನು ಎರಡೇ ವರ್ಷ, ಅಕ್ಕಾ.”

“ಆಯ್ತವಾರ ಆಯ್ತವಾರ ನಾ ದೊಡ್ಡ ಮೀನು ಆರಿಸಿ ಕೊಡ್ತಿದ್ದೆ ಅಲ್ವಾ, ತಮ್ಮನ ಮಕ್ಳು ತಿನ್ಲಿ ಹೇಳಿ. ಅದು ನಿನ್ನ ಸಾಹೇಬ್ರ ಮನೆಗೆ ಹೋಯ್ತಲ್ಲ, ಅವ್ರಿಗೆ ಕಾಗದ ಇಲ್ವಾ?”

“ಸಾಹೇಬ್ರ ಹೆಸರು ಎತ್ಬೇಡ ಮಾರಾಯ್ತಿ!”

“ಎತ್ತೂದಿಲ್ಲ. ಮುಳ್ಳು ಬಿಡಿಸ್ಕೊಂಡೇ ತಿಂದಾರೆ, ಜಾಣರು.”

ಅವನ ಕುತ್ತಿಗೆಯ ಬೆವರು ಅಂಗಿಯ ಪಟ್ಟಿಗೆ ಇಳಿಯುತ್ತಿತ್ತು. ಚಿಕ್ಕಂದಿನಲ್ಲಿ ಹೊಡೆತಕ್ಕೆ ಹೆದರಿ ಅಕ್ಕನ ಬೆನ್ನ ಹಿಂದೆ ಅಡಗುತ್ತಿದ್ದಾಗಲೂ ಹೀಗೇ ಬೆವರುತ್ತಿದ್ದ. ಮಾದೇವಿ ಕೈ ಒರೆಸಿಕೊಂಡು ಪೆನ್ನಿಗಾಗಿ ಚಾಚಿದಳು.

ಅವನು ಕಿಸೆಯಿಂದ ತೆಗೆದದ್ದು ಶಾಯಿಯ ಡಬ್ಬಿ.

“ಸಹಿ ಬೇಡ. ಹೆಬ್ಬೆಟ್ಟು ಒತ್ತು. ಓದು ಬಾರದ ಹೆಂಗಸು ಹೇಳಿ ಆದ್ರೆ ಎಲ್ರೂ ನಂಬ್ತಾರೆ. ಅರ್ಜಿಯ ಸಹಿ ಅದನ್ನ ಬರ್ದವ್ರೇ ಹಾಕಿದ್ದು ಹೇಳಿದ್ರಾಯ್ತು.”

ಡಬ್ಬಿಯೊಳಗೆ ನೇರಳೆ ಬಟ್ಟೆ ಹೊಸದಾಗಿ ಒದ್ದೆಯಾಗಿತ್ತು. ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು. ಉಗುರಿಗೆ ಇನ್ನೂ ಮೀನಿನ ಹುರುಪೆ ಅಂಟಿದ್ದ ಹೆಬ್ಬೆಟ್ಟು ಮುಷ್ಟಿಯೊಳಗೆ ಮಡಚಿಕೊಂಡಿತು.

“ಒತ್ತೂದಿಲ್ಲ,” ಅಂದಳು ಮಾದೇವಿ.